ಸಾಹೇಬಧರ್ಮಸೂತ್ರ, ಸಭಾಷ್ಯ

ಸೂತ್ರ: ಭಿನ್ನಮತಂ ಕಡತಾಯತೇ.

ಭಾಷ್ಯ: ಕಚೇರಿಯಲ್ಲಿ ನ್ಯಾಯ-ಅನ್ಯಾಯದ ಬಗ್ಗೆ ಇಬ್ಬರು ನೌಕರರಿಗೆ ಜಟಾಪಟಿ ಹತ್ತಿದರೆ ಅದು ತಾನಾಗಿಯೇ ಕಡತವಾಗುತ್ತದೆ ಎಂದರ್ಥ. ಆಗದಿದ್ದರೆ ಸಾಹೇಬರು ಆಗಿಸತಕ್ಕದ್ದು.

ಉದಾಹರಣೆಗೆ, ಪಿಂಚಣಿ ಕೌಂಟರಿನೆದುರು ಒಬ್ಬ ಅಜ್ಜಿ. ದುಡಿದೂ ದುಡಿದೂ ಬೆರಳ ಗೆರೆ ಸವೆದು ಹೋಗಿದೆ, ಯಂತ್ರ ಒಪ್ಪುತ್ತಿಲ್ಲ. ಬೆರಳು ಹೊಂದದೆ ಅಜ್ಜಿ ಬದುಕಿರುವುದು ಸಿದ್ಧವಾಗದು ಎಂಬುದು ಪ್ರಥಮ ದರ್ಜೆ ಸಹಾಯಕರ ಪಕ್ಷ. ನೀರು ಕೇಳುತ್ತಿದ್ದಾರಲ್ಲ ಸಾರ್, ಬದುಕಿದ್ದಾರೆ ಎಂಬುದು ದ್ವಿತೀಯ ದರ್ಜೆಯವರದು. ಪ್ರತ್ಯಕ್ಷವನ್ನೇ ಮೊದಲ ಪ್ರಮಾಣವೆಂದ ನೈಯಾಯಿಕರು ಎರಡನೆಯವರ ಕಡೆ ವಾಲುತ್ತಿದ್ದರೇನೋ; ಪಾಪ, ಅವರ ಕಾಲದಲ್ಲಿ ಆಧಾರ್ ಇರಲಿಲ್ಲ. 2014ರಲ್ಲಿ ಬಂದ, ಪಿಂಚಣಿದಾರರು ಬದುಕಿರುವುದನ್ನು ಆಧಾರ್ ಮೂಲಕ ಸಾಬೀತುಪಡಿಸುವ ‘ಜೀವನ್ ಪ್ರಮಾಣ್’ ಅನ್ನು ನ್ಯಾಯಸೂತ್ರದ ಗೌತಮ ಮುನಿಗಳ ನಾಲ್ಕು ಪ್ರಮಾಣಗಳ ಪಕ್ಕ ಐದನೆಯದಾಗಿ ಕೂರಿಸಬೇಕೆಂದು ನಮ್ಮ ವಿನಮ್ರ ಸೂಚನೆ. ಮುಖ ನೋಡಿ ಗುರುತಿಸುವ ಸೌಲಭ್ಯವೂ 2021ರಿಂದ ಉಂಟು. ಆದರೆ ಅದಕ್ಕೆ ಯಾರಾದರೂ ಅಜ್ಜಿಯ ಮುಖ ನೋಡಬೇಕಾಗುತ್ತದೆ.

ಸಾಹೇಬರು ಕಡತ ತರಿಸಿಕೊಂಡು ಹಸಿರು ಶಾಯಿಯಲ್ಲಿ ‘ಚರ್ಚಿಸಿ’ ಎಂದು ಬರೆದರು. ಇದು ಹೌದೂ ಅಲ್ಲ, ಇಲ್ಲವೂ ಅಲ್ಲ. ಜೈನರ ಸ್ಯಾದ್ವಾದದ ಏಳೂ ಭಂಗಗಳು ಇದರಲ್ಲಿ ಅಡಗಿದ್ದು, ಎಂಟನೆಯದೊಂದನ್ನು ಜವಾನರು ಬಾಗಿಲಲ್ಲಿ ನಿಂತು ಸೇರಿಸುತ್ತಾರೆ: ಊಟ ಆದ್ಮೇಲೆ ಬನ್ನಿ. ಈ ನಡುವೆ ಅಜ್ಜಿಗೆ ನೀರು ಕೊಟ್ಟ ದ್ವಿತೀಯ ದರ್ಜೆಯವರಿಗೆ ಕಾರಣ ಕೇಳಿ ನೋಟಿಸು ಹೋಯಿತು. ಆ ಲೋಟ ದಾಸ್ತಾನು ಪುಸ್ತಕದಲ್ಲಿ ನಮೂದಾಗಿರಲಿಲ್ಲ.

ಸೂತ್ರ: ಮೃತೇಷು ಅನುಕಂಪಾ.

ಕಚೇರಿಗಳಲ್ಲಿ ಮರುಕವೇ ಇಲ್ಲ ಎಂಬ ಪೂರ್ವಪಕ್ಷ ಅಜ್ಞಾನದ್ದು. ಕರ್ನಾಟಕದಲ್ಲಿ ಅದಕ್ಕೆ 1996ರ ನಿಯಮಾವಳಿಯೇ ಇದೆ. ನೌಕರರು ಸೇವೆಯಲ್ಲಿದ್ದಾಗಲೇ ತೀರಿಕೊಂಡರೆ ಅವಲಂಬಿತರೊಬ್ಬರಿಗೆ ಅನುಕಂಪದ ಆಧಾರದ ಮೇಲೆ ನೇಮಕ. ಅರ್ಜಿಗೆ ಒಂದು ವರ್ಷದ ಗಡುವು. ಬದುಕಿರುವ ನೌಕರರು ಆತುರಪಡಬಾರದು. ಅವರಿಗಾಗಿ ಅನುಕಂಪದ ತರಬೇತಿ ಶಿಬಿರವಿದೆ: ಪಕ್ಕದವರ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಆಮೇಲೆ ಉಪ್ಪಿಟ್ಟು-ಕೇಸರಿಭಾತು. ಉದ್ಘಾಟಿಸಿದ ಸಾಹೇಬರು ತುರ್ತು ಸಭೆಗೆ ಹೊರಟುಬಿಡುವುದರಿಂದ ಅವರ ಕಣ್ಣಿನ ವಿಷಯ ಶಾಸ್ತ್ರದಲ್ಲಿ ದಾಖಲಾಗಿಲ್ಲ.

ಇನ್ನು, ಸಾಹೇಬರದೇ ತಪ್ಪೆಂದು ಬಾಯಿಬಿಡುವ ನೌಕರರ ಅಧ್ಯಾಯ. ಭ್ರಷ್ಟಾಚಾರ ಬಯಲಿಗೆಳೆಯುವವರ ರಕ್ಷಣೆಗೆ 2014ರಲ್ಲೇ ಸಂಸತ್ತು ಕಾಯ್ದೆ ಅಂಗೀಕರಿಸಿ, ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಜಾರಿಯ ದಿನಾಂಕ ಮಾತ್ರ ವರ್ಷಗಳುರುಳಿದರೂ ಹೊರಬಿದ್ದಿಲ್ಲ. ಹೊರಬಿದ್ದ ದಿನವೇ ಈ ಭಾಷ್ಯದ ಎರಡನೆಯ ಸಂಪುಟ ಅಚ್ಚಿಗೆ ಹೋಗುವುದು; ಓದುಗರು ಈಗಲೇ ಮುಂಗಡ ಕಳಿಸಬೇಕಾಗಿಲ್ಲ.