ಗಾಳಿ ತಿರುವಿದ ಗುಡಿ

ನಮ್ಮೂರು ಡೋಣಿಯ ಗಾಳಿಗೆ ದೊಡ್ಡವರು ಸಣ್ಣವರು ಅನ್ನುವ ಭೇದವಿಲ್ಲ. ಕಪ್ಪತಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಪಂಕಗಳನ್ನು ತಿರುವಿ ಕರೆಂಟು ಮಾಡಿಕೊಡುವ ಅದೇ ಗಾಳಿ, ಕೆಳಗಿಳಿದು ಬಂದು ಒಣಹಾಕಿದ ಧೋತರ, ಹೊಚ್ಚಿದ ತಗಡು, ಹಿರಿಯರ ತಲೆಯ ರುಮಾಲು ಯಾವುದನ್ನೂ ಬಿಡುವುದಿಲ್ಲ. ಹೋದ ಜಾತ್ರೆಯಲ್ಲಿ ಅದರ ಕೈಗೆ ನಾನು ಸಿಕ್ಕೆ.

ಮೊದಲು ನನ್ನ ಹುಚ್ಚು ಹೇಳಿಬಿಡುತ್ತೇನೆ. ನಿವೃತ್ತರಾದ ಗಂಡಸರು ಸಾಮಾನ್ಯವಾಗಿ ವಾಕಿಂಗು, ವಚನ, ವ್ಯಾಜ್ಯ ಈ ಮೂರರಲ್ಲಿ ಒಂದನ್ನು ಹಿಡಿಯುತ್ತಾರೆ. ನಾನು ಸೂಜಿ ಹಿಡಿದೆ. ಅವ್ವನ ಟ್ರಂಕಿನಲ್ಲಿ ಒಂದು ಚಂದ್ರಕಾಳಿ ಸೀರೆ ಸಿಕ್ಕಿತ್ತು. ಕಪ್ಪು ಒಡಲಿನ ಮೇಲೆ ತೇರು, ತೊಟ್ಟಿಲು, ಆನೆ, ತುಳಸಿಕಟ್ಟೆ. ಪೆನ್ಸಿಲಿನ ಒಂದು ಗೆರೆಯಿಲ್ಲ, ಎಲ್ಲ ಬಟ್ಟೆಯ ಎಳೆ ಎಣಿಸಿ ಹಾಕಿದ ಕಸೂತಿ. ಅವ್ವ ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಗಣಿತ ಕಲಿಸಿ ಮೂವತ್ತು ವರ್ಷ ಪಗಾರ ತಿಂದ ನನಗೆ ಇಷ್ಟು ಬರಲಿಕ್ಕಿಲ್ಲವೇ ಅನಿಸಿತು. ಅನಿಸಬಾರದಿತ್ತು.

ಗವಂತಿ ಹೊಲಿಗೆ ಕೇಳಲಿಕ್ಕೆ ಬಹಳ ಸರಳ. ಹೋಗುವಾಗ ಒಂದು ಹಾಕಿ ಒಂದು ಬಿಡುವುದು, ಬರುವಾಗ ಬಿಟ್ಟದ್ದನ್ನು ತುಂಬುತ್ತ ಬರುವುದು. ಬಿತ್ತಿದ ಸಾಲಿನಲ್ಲಿ ಹುಟ್ಟದ ಕಡೆ ಮತ್ತೆ ಕಾಳು ಊರಿದ ಹಾಗೆ. ಇದೇ ನಡಿಗೆ ಮೆಟ್ಟಿಲೇರಿದರೆ ಮುರಗಿ. ನೇಯ್ಗಿ, ಮೆಂತಿ ಎಂದು ಇನ್ನೆರಡಿವೆ, ಅವುಗಳ ತಂಟೆಗೆ ನಾನು ಹೋಗಿಲ್ಲ. ಗವಂತಿ ಮುರಗಿಗಳ ಕಟ್ಟುನಿಟ್ಟೆಂದರೆ ಎಲ್ಲೂ ಗಂಟು ಬೀಳಬಾರದು, ಬಟ್ಟೆಯ ಬೆನ್ನು ಮುಖದಂತೆಯೇ ಇರಬೇಕು. ನನ್ನ ಬಟ್ಟೆಯ ಬೆನ್ನು ನಮ್ಮ ಓಣಿಯ ಕರೆಂಟು ಕಂಬದಂತಿತ್ತು.

ಸಾಲದ್ದಕ್ಕೆ ಆರಿಸಿಕೊಂಡ ಚಿತ್ರವೋ, ಡಂಬಳದ ದೊಡ್ಡಬಸಪ್ಪನ ಗುಡಿಯ ತಳವಿನ್ಯಾಸ! ಕಲ್ಯಾಣ ಚಾಲುಕ್ಯರ ಕಾಲದ ಆ ಗುಡಿಯ ಗರ್ಭಗೃಹದ ಹೊರಮೈ 24 ಮೂಲೆಯ ನಕ್ಷತ್ರ. ಒಂದು ಚೌಕದ ನಡುವೆ ಮೊಳೆ ಹೊಡೆದು 15 ಡಿಗ್ರಿಯಂತೆ ತಿರುವುತ್ತ ಹೋಗಿ, ಆರು ಚೌಕಕ್ಕೆ 24 ಮೂಲೆ. ಹಾಳೆಯ ಮೇಲೆ ಐದು ನಿಮಿಷದ ಕೆಲಸ. ಬಟ್ಟೆಯ ಮೇಲೆ ಎಂಟು ತಿಂಗಳು ಹಿಡಿಯಿತು.

ನಮ್ಮ ಕಡೆ ಸ್ಪರ್ಧೆ ಇಲ್ಲದೆ ಜಾತ್ರೆ ಮುಗಿಯುವುದಿಲ್ಲ. ಖಾಲಿ ಗಾಡಾ ಓಡಿಸಬೇಕು, ಗುಂಡುಕಲ್ಲು ಎತ್ತಬೇಕು; ಗೆದ್ದವನಿಗೆ ಬಹುಮಾನ, ಸೋತವನಿಗೆ ಮುಂದಿನ ಜಾತ್ರೆಯವರೆಗೆ ಹೆಂಡತಿಯ ಮಾತು. ಆ ಸಲ ಓಣಿಯ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕೈಕೆಲಸಗಳನ್ನು ಇಟ್ಟಿದ್ದರು. ಹೆಸರು ಬರೆದುಕೊಳ್ಳುವ ಹುಡುಗಿ ಕೇಳಿದಳು: “ಸ್ಪರ್ಧಾಕ್ಕೋ, ಬರೇ ಇಡಾಕೋ?”

“ಬರೇ ಇಡಾಕವ್ವ. ತಿಳಿದವರು ನೋಡಿ ನಾಕ್ ಮಾತು ಹೇಳಿದರ ಸಾಕು,” ಎಂದೆ. ಎಂಥ ವಿನಯ! ಒಳಗಿದ್ದದ್ದು ಸೋಲಿನ ಅಂಜಿಕೆ ಎಂದು ನಿಮಗೊಬ್ಬರಿಗೇ ಹೇಳುತ್ತಿದ್ದೇನೆ. ಮದುವೆ ಮನೆಯಲ್ಲಿ ರುಖವತದ ಕೈಕೆಲಸ ಜೋಡಿಸುವವರೂ “ಏನೋ ಸುಮ್ನ ಇಟ್ಟೇವ್ರಿ” ಅನ್ನುತ್ತಾರೆ. ಕಣ್ಣು ಮಾತ್ರ ಬೀಗರ ಮುಖದ ಮೇಲೇ.

ಧಾರವಾಡದ ಕಡೆಯಿಂದ ಒಬ್ಬ ಹಿರಿಯ ತಾಯಿ ಬಂದಿದ್ದರು. ಕಸೂತಿಯಲ್ಲೇ ಕಣ್ಣು ಸವೆಸಿದವರು. ನನ್ನ ಗುಡಿಯ ಮುಂದೆ ನಿಂತು “ಸಾಲು ಹಿಡದೈತಿ” ಎಂದರು. ನಾನು ಉಬ್ಬಿದೆ. ಆ ಕ್ಷಣಕ್ಕೇ ಗುಡ್ಡದಿಂದ ಗಾಳಿ ಇಳಿಯಿತು. ಮೇಲಿನ ಎರಡು ಪಿನ್ನಿಗೆ ಜೋತುಬಿದ್ದಿದ್ದ ಬಟ್ಟೆ ಲಂಗದಂತೆ ಮೇಲಕ್ಕೆ ಹಾರಿ, ಬೆನ್ನು ಊರಿಗೆಲ್ಲ ಕಾಣಿಸಿತು.

ಹುಡುಗಿಯರು ನಕ್ಕರು. ಆ ತಾಯಿ ನಗಲಿಲ್ಲ. ಬಟ್ಟೆಯ ಅಂಚು ಹಿಡಿದು, ಗಂಟುಗಳ ಮೇಲೆ ಬೆರಳಾಡಿಸಿ, ಆಮೇಲೆ ಎಣಿಸತೊಡಗಿದರು.

“ಮಾಸ್ತರ, ಮೂಲಿ ಇಪ್ಪತ್ಮೂರ ಅದಾವಲ್ರಿ?”

ಎಣಿಸಿದೆ. 23.

“ಎಳಿ ಎಣಿಸೋ ಕೆಲಸ ಉದ್ದ ಹೋಗತೈತಿ, ಅಡ್ಡ ಹೋಗತೈತಿ, ಓರೆ ಹೋಗತೈತಿ. ಈಸೀಸ ಹೊಳ್ಳು ಅಂದ್ರ ಎಲ್ಲಿ ಹೊಳ್ಳತೈತ್ರಿ? ಅದಕ್ಕ ನಮ್ಮ ಹಳೇ ಮಂದಿ ಮೆಟ್ಟಿಲ ಮೆಟ್ಟಿಲ ಗೋಪುರ ಹಾಕ್ಯಾರ, ಇಂಥಾ ಗುಂಡ ಗುಡಿ ತಂಟಿಗೆ ಹೋಗಿಲ್ಲ.”

ಮೂವತ್ತು ವರ್ಷ ರೇಖಾಗಣಿತ ಹೇಳಿದವನಿಗೆ ಬಟ್ಟೆ ಅಂದರೆ ಚೌಕುಳಿ ಕಾಗದ ಎಂಬುದು ಹೊಳೆದದ್ದು ಆಗ. ಆಮೇಲೆ ಆಕೆ ನನ್ನದೇ ಸೂಜಿ ಇಸಿದುಕೊಂಡು, ದಾರಕ್ಕೆ ಗಂಟು ಹಾಕದೆ ಸಣ್ಣದೊಂದು ಬಾಲ ಬಿಟ್ಟು, ಹೊಲಿಯುತ್ತ ಹೊಲಿಯುತ್ತ ಆ ಬಾಲವನ್ನು ಹೊಲಿಗೆಯೊಳಗೇ ಹುದುಗಿಸುವುದನ್ನು ತೋರಿಸಿಕೊಟ್ಟರು. ಮೊದಲ ಬಹುಮಾನ ಬಂದ ಮೇಜುಹಾಸಿನ ಮುಂದೆ ಆಕೆ ನಿಂತದ್ದು ಅರ್ಧ ನಿಮಿಷ, ನನ್ನ ಹರಕು ಗುಡಿಯ ಮುಂದೆ ಅರ್ಧ ತಾಸು. ಚಹಾ ಕೂಡ ಆರಿಹೋಯಿತು.

ಎಲ್ಲ ಬಿಚ್ಚಿ ಮತ್ತೆ ಶುರುಮಾಡಿದ್ದೇನೆ, ಈ ಸಲ ಮುರಗಿಯಲ್ಲಿ, ಮೆಟ್ಟಿಲು ಮೆಟ್ಟಿಲಾಗಿ. 11ನೆಯ ಮೂಲೆಗೆ ಬಂದಿದ್ದೇನೆ. ನಡುವೆ ಅನುಮಾನ ಬಂದು ಡಂಬಳಕ್ಕೇ ಹೋಗಿ ಗುಡಿ ಸುತ್ತಿ ಎಣಿಸಿದೆ. ಮಂಟಪ ಬಂದು ಅಪ್ಪಿಕೊಂಡ ಕಡೆ ಕೆಲವು ಮೂಲೆಗಳು ಮರೆಯಾಗಿವೆ. ಉಳಿದವನ್ನು ಎಣಿಸುವಾಗ ಎಲ್ಲಿಂದ ಶುರುಮಾಡಿದ್ದೆ ಎಂಬುದೇ ಮರೆತುಹೋಗುತ್ತದೆ. ಮೂರು ಸುತ್ತಿಗೆ ಮೂರು ಲೆಕ್ಕ ಬಂತು. ನೀವು ಆ ಕಡೆ ಹೋದರೆ ದಯವಿಟ್ಟು ಒಂದು ಮೂಲೆಗೆ ಚಪ್ಪಲಿ ಗುರುತಿಟ್ಟು ಎಣಿಸಿ ಬಂದು ನನಗೆ ತಿಳಿಸಿ.