ಕ್ಲಿಕ್-ಪೂರ್ವ ಪ್ರಶ್ನಾ ಮೀಮಾಂಸೆ

ಛಾಯಾಗ್ರಹಣ ಶಾಸ್ತ್ರದಲ್ಲಿ ಇದುವರೆಗೆ ಬಂದ ಗ್ರಂಥಗಳೆಲ್ಲ ಬೆಳಕು, ನೆರಳು, ಚೌಕಟ್ಟು ಅನ್ನುವಷ್ಟರಲ್ಲೇ ಮುಗಿದುಹೋಗುತ್ತವೆ. ಗುಂಡಿ ಒತ್ತುವ ಮುಂಚೆ ಬೆನ್ನ ಹಿಂದಿನಿಂದ ಬರುವ ಪ್ರಶ್ನೆಯನ್ನು ಯಾವ ಆಚಾರ್ಯನೂ ಮುಟ್ಟಿಲ್ಲ. 1839ರ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ಡಗೇರ್‌ನ ವಿಧಾನವನ್ನು ಲೋಕಕ್ಕೆ ಬಿಚ್ಚಿಟ್ಟ ಸಭೆಯಲ್ಲಿ ಕೋಲಾರದ ಕಡೆಯವರು ಒಬ್ಬರೂ ಇರಲಿಲ್ಲವೆಂಬುದು ಇದರಿಂದಲೇ ಸಿದ್ಧವಾಗುತ್ತದೆ. ಇದ್ದಿದ್ದರೆ ಎದ್ದು ನಿಂತು ಕೇಳುತ್ತಿದ್ದರು: "ಯಾವ ಪೇಪರು ಸಾರ್?"

ಈ ಕೊರತೆಯನ್ನು ನೀಗಿಸಲೆಂದು ಪ್ರಬಂಧಕಾರನು ಒಂದು ಹಳೆಯ ಕ್ಯಾಮೆರಾ, ಅದಕ್ಕಿಂತ ಹಳೆಯ ಸ್ಕೂಟರು ಮತ್ತು ಮನೆಯವರ ಅಸಮ್ಮತಿ, ಈ ಮೂರನ್ನೂ ಹೊತ್ತುಕೊಂಡು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಒಂದು ವರ್ಷ ಕ್ಷೇತ್ರಕಾರ್ಯ ನಡೆಸಿದ್ದಾನೆ. ಪೂರ್ವಪಕ್ಷ ಹೀಗಿದೆ: ಛಾಯಾಗ್ರಾಹಕನು ಊರನ್ನು ನೋಡುತ್ತಾನೆ, ಊರಿಗೆ ಅದು ಗೊತ್ತಾಗುವುದಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಅವರು ಸಾಮಾನ್ಯ ಜನರ ಬದುಕನ್ನು ಅಷ್ಟು ಸಹಜವಾಗಿ ಹಿಡಿದದ್ದನ್ನು ನೋಡಿ ನಾನೂ ಹಾಗೇ ನಂಬಿದ್ದೆ. ಅವರಿಗೆ ಸಾಧ್ಯವಾಗಿದ್ದು ಅವರ ಪ್ರತಿಭೆಯಿಂದ ಎಂಬ ಸರಳ ವಿವರಣೆಯನ್ನು ಈ ಪ್ರಬಂಧ ತಿರಸ್ಕರಿಸುತ್ತದೆ. ಒಪ್ಪಿಕೊಂಡರೆ ನನಗೆ ತೊಂದರೆ.

ಮೊದಲು ಕೋಲಾರದ ಎಪಿಎಂಸಿ ಟೊಮೆಟೊ ಮಾರುಕಟ್ಟೆ. ಇಲ್ಲಿ 15 ಕೆ.ಜಿ. ಬಾಕ್ಸುಗಳು ಆಳೆತ್ತರಕ್ಕೆ ನಿಂತಿರುತ್ತವೆ, ನಡುವಿನ ಓಣಿಯಲ್ಲಿ ಹರಾಜು ಕೂಗುವವನು ಸರಸರ ನಡೆಯುತ್ತಾನೆ, ಹಿಂದೆ ವ್ಯಾಪಾರಿಗಳ ಹಿಂಡು. ಫ್ರಾನ್ಸಿನ ಕಾರ್ತಿಯೇ-ಬ್ರೆಸೋನ್ 1952ರ ತನ್ನ ಪುಸ್ತಕದಲ್ಲಿ 'ನಿರ್ಣಾಯಕ ಕ್ಷಣ'ದ ಸಿದ್ಧಾಂತ ಮಂಡಿಸಿದ. ಎಲ್ಲವೂ ಕೂಡಿಬರುವ ಆ ಒಂದು ರೆಪ್ಪೆ ಬಡಿತದಲ್ಲಿ ಗುಂಡಿ ಒತ್ತಬೇಕಂತೆ. ಕೋಲಾರದಲ್ಲಿ ಆ ಕ್ಷಣ ಹರಾಜಿನವನ ಕೈಯಲ್ಲಿರುತ್ತದೆ. ಕೈ ಮೇಲಕ್ಕೆ ಹೋಯಿತು, ರೇಟು ಮುಗಿಯಿತು, ರೈತನ ಮುಖದಲ್ಲಿ ಅರ್ಧ ಸೆಕೆಂಡು ಏನೋ ಒಂದು ಹಾದುಹೋಯಿತು. ಆ ಅರ್ಧ ಸೆಕೆಂಡಿನಲ್ಲಿ ನಾನು ಏನು ಮಾಡುತ್ತಿದ್ದೆ? ಹಿಂದಕ್ಕೆ ತಿರುಗಿ, "ಯಾವ ಪೇಪರೂ ಅಲ್ಲಪ್ಪ, ಸುಮ್ಮನೆ" ಎಂದು ಉತ್ತರ ಕೊಡುತ್ತಿದ್ದೆ.

'ಸುಮ್ಮನೆ' ಎಂಬ ಉತ್ತರವನ್ನು ಮಂಡಿಯಲ್ಲಿ ಯಾರೂ ನಂಬುವುದಿಲ್ಲ. ನಸುಕಿನಲ್ಲಿ ಎದ್ದು, ಕೊಳೆತ ಹಣ್ಣು ತುಳಿದುಕೊಂಡು, ಸುಮ್ಮನೆ ಬರುವವನಿದ್ದಾನೆಯೇ? ಪ್ರಶ್ನೆಯ ಧಾಟಿ ಮಾತ್ರ ಬೆಲೆಗೆ ತಕ್ಕಂತೆ ಬದಲಾಗುತ್ತದೆ. ಬೆಲೆ ನೆಲ ಕಚ್ಚಿದಾಗ, "ಟಿವಿಯೋರಾ? ಬನ್ನಿ ಸಾರ್, ಇಲ್ಲಿ ಸುರಿದವ್ರೆ ನೋಡಿ, ಇದನ್ನ ತೋರ್ಸಿ" ಎಂದು ಕೈಹಿಡಿದು ಎಳೆದೊಯ್ಯುತ್ತಾರೆ. 2023ರ ಜುಲೈನಲ್ಲಿ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿ, ರೈತರು ರಾತ್ರಿಯೆಲ್ಲ ತೋಟ ಕಾಯುವ ಕಾಲ ಬಂದಾಗ ಅದೇ ಕ್ಯಾಮೆರಾ ನೋಡಿ, "ಏ ಊರು ನೀದಿ?" ಎಂದು ತೆಲುಗಿಗೆ ಇಳಿದರು. ಗಡಿಸೀಮೆಯಲ್ಲಿ ಅನುಮಾನಕ್ಕೊಂದು ಭಾಷೆ, ಉಪಚಾರಕ್ಕೊಂದು ಭಾಷೆ. ಯಾವುದು ಯಾವುದಕ್ಕೆ ಎಂಬುದು ಆಯಾ ದಿನದ ರೇಟಿನ ಮೇಲೆ.

ಮಾಲೂರಿಗೆ ಬಂದರೆ ಪೇಪರಿನ ಮಾತಿಲ್ಲ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ಇಟ್ಟಿಗೆ ಗೂಡಿನ ಹೊಗೆಗೆ ಗುರಿಯಿಟ್ಟಿದ್ದೆ. ಗದ್ದೆ ಬದುವಿನ ಮೇಲಿನಿಂದ ಒಬ್ಬ ಯಜಮಾನರು ನಿಧಾನವಾಗಿ ಬಂದು, ಸ್ಟ್ಯಾಂಡಿನ ಮೂರು ಕಾಲುಗಳನ್ನೂ ಒಂದೊಂದಾಗಿ ನೋಡಿ, "ಇನ್ನೊಂದು ರೋಡ್ ಬರ್ತೈತಾ?" ಎಂದರು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಈ ತಾಲ್ಲೂಕನ್ನು ಸೀಳಿಕೊಂಡೇ ಹೋಗಿರುವುದು. ಮೂರು ಕಾಲಿನ ಯಾವ ವಸ್ತುವೂ ಇಲ್ಲಿ ಕಲೆಗೆ ಸಂಬಂಧಿಸಿದ್ದಲ್ಲ. ನಾನು ಎಷ್ಟು ಅಲ್ಲಗಳೆದರೂ ಅವರು ತಮ್ಮ ಸರ್ವೆ ನಂಬರು ಹೇಳಿಯೇ ಹೋದರು.

ಅದೇ ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ರಸ್ತೆ ಬದಿಯಲ್ಲಿ ಗಣಪತಿ, ನಂದಿ, ಅಮ್ಮನವರು, ಬುದ್ಧ, ಎಲ್ಲರೂ ಸಾಲಾಗಿ ಕೂತು ಲಾರಿಗೆ ಕಾಯುತ್ತಿರುತ್ತಾರೆ. ಉಳಿಯ ಟಕಟಕದ ಜೊತೆಗೆ ಈಗ ಕಟಿಂಗ್ ಮಿಷನ್ನಿನ ಕಿರುಚಾಟ. ಹತ್ತು ನಿಮಿಷದಲ್ಲಿ ಲೆನ್ಸಿಗೆ ವಿಭೂತಿ ಹಚ್ಚಿದಂತೆ ಕಲ್ಲಿನ ಪುಡಿ. ಒಂದು ಕಪ್ಪು ಶಿಲೆಯ ದೇವಿಯ ಮುಖದ ಹತ್ತಿರ ಹೋಗಿ ಬಗ್ಗಿದೆ. ಮೂಗು, ತುಟಿ, ಮೂಗುತಿಯ ಹರಳಿನವರೆಗೆ ಎಲ್ಲವೂ ಆಗಿತ್ತು, ಕಣ್ಣಿನ ಜಾಗದಲ್ಲಿ ಮಾತ್ರ ಎರಡು ನುಣುಪಾದ ಉಬ್ಬು. ಶಿಲ್ಪಿ ತಲೆಯೆತ್ತದೆ ಕೇಳಿದ: "ಅಮ್ಮನಿಗೆ ಇನ್ನೂ ಕಣ್ಣು ಬಿಡ್ಸಿಲ್ಲ. ಈಗ್ಲೇ ತೆಗೆದ್ರೆ ಅವ್ಳಿಗೆ ನೀವ್ಯಾರಂತ ಹೆಂಗ್ ಗೊತ್ತಾಗ್ತದೆ?" ವರ್ಷದಲ್ಲಿ ನನಗೆ ಬಂದ ನೂರಾರು ಪ್ರಶ್ನೆಗಳಲ್ಲಿ ಉತ್ತರ ಸಿಗದೇ ಉಳಿದದ್ದು ಇದೊಂದೇ.

ಆದರೂ ವಿದ್ವಾಂಸನಾದವನು ಸುಮ್ಮನಿರಬಾರದು. ನೇತ್ರೋನ್ಮೀಲನದಲ್ಲಿ ಚಿನ್ನದ ಸೂಜಿಯಿಂದ ಕಣ್ಣು ತೆರೆಸಿ ದೇವರಿಗೆ ಕನ್ನಡಿ ತೋರಿಸುವುದುಂಟು. ಎಸ್‌ಎಲ್‌ಆರ್ ಕ್ಯಾಮೆರಾದ ಹೊಟ್ಟೆಯಲ್ಲೂ ಒಂದು ಕನ್ನಡಿಯಿದೆ. ಆದ್ದರಿಂದ ಆ ಯಂತ್ರದ ಮೂಲ ಮಾಲೂರು ತಾಲ್ಲೂಕು. ಪುರಾವೆ ಇಲ್ಲ, ನಿಜ. ಇಲ್ಲದ ಪುರಾವೆಯನ್ನು ಖಂಡಿಸಲು ಯಾರಿಂದಲೂ ಆಗದು.

ಮುಳಬಾಗಿಲಿನಲ್ಲಿ ಪ್ರಬಂಧವೇ ಬಿದ್ದುಹೋಗುವ ಸಂದರ್ಭ ಬಂತು. ಮೂಡಣ ಬಾಗಿಲು ಎಂಬ ಹೆಸರಿಗೆ ತಕ್ಕಂತೆ ಬೆಳಗಿನ ಬೆಳಕು ಹೋಟೆಲಿನ ಬಾಗಿಲಲ್ಲೇ ಒಳಗೆ ಬರುತ್ತಿತ್ತು. ಎಲೆಯ ಮೇಲೆ ದಪ್ಪನೆಯ ದೋಸೆ, ಅಂಚು ಗರಿಗರಿ, ನಡುವೆ ಮೆತ್ತಗೆ, ಮೇಲೆ ತುಪ್ಪ ಇನ್ನೂ ಹರಿಯುತ್ತಿದೆ. ಬಗ್ಗಿ ಫೋಕಸ್ ಮಾಡಿದರೆ ಹಬೆಗೆ ಲೆನ್ಸು ಮಂಜಾಯಿತು, ಒರೆಸಿದರೆ ಮತ್ತೆ ಮಂಜು. ಯಾವ ಪೇಪರು ಎಂದು ಯಾರೂ ಕೇಳಲಿಲ್ಲ. ಬಡಿಸುವವನು ಬಂದು, "ಆರ್ಹೋಯ್ತಲ್ಲ ಸಾಮಿ, ಇನ್ನೊಂದು ಹಾಕ್ಲಾ?" ಎಂದ. ಪ್ರಶ್ನೆ ಹೌದು, ಆದರೆ ಕ್ಯಾಮೆರಾಕ್ಕೆ ಸಂಬಂಧವೇ ಇಲ್ಲ. ಡಿ.ವಿ.ಜಿ. ಹುಟ್ಟಿದ್ದು ಇದೇ ಊರಿನಲ್ಲಿ, 1887ರಲ್ಲಿ. ಅವರ ಕಗ್ಗವೆಲ್ಲ ಮಂಕುತಿಮ್ಮನನ್ನು ಕರೆದು ಹೇಳಿದ್ದು. ತಣ್ಣಗಾದ ದೋಸೆಯ ಮುಂದೆ ಲೆನ್ಸು ಒರೆಸುತ್ತ ಕೂತವನಿಗೆ, ಆ ಹೆಸರು ಹಿಡಿದು ಯಾರಾದರೂ ಕೂಗಿದರೆ ಓಗೊಡುವುದೇ ಸರಿ ಅನಿಸಿತು.

ಇಲ್ಲಿ ಊರಿನ ಕಲೆಯ ಬಗ್ಗೆ ಒಂದು ಉಪಪ್ರಕರಣ. ಈ ಸೀಮೆಯ ಹೊಲ, ಕೆರೆ ಏರಿ, ಗುಡಿಯಂಗಳಗಳಲ್ಲಿ ಗಂಗರ, ನೊಳಂಬರ ಕಾಲದ ವೀರಗಲ್ಲುಗಳಿವೆ. ಮೂರು ಅಂತಸ್ತಿನ ಕಲ್ಲಾದರೆ ಕೆಳಗೆ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ದೇವಲೋಕ. ಅದೇ ದಾರಿಯ ವೃತ್ತದಲ್ಲಿ ಹುಟ್ಟುಹಬ್ಬದ ಫ್ಲೆಕ್ಸು ನೋಡಿ. ಮೇಲಿನ ಸಾಲಿನಲ್ಲಿ ಕಣ್ಮರೆಯಾದ ಮತ್ತು ದೆಹಲಿಯಲ್ಲಿರುವ ನಾಯಕರು, ನಡುವೆ ಕೂಲಿಂಗ್ ಗ್ಲಾಸಿನ ವೀರ, ಕೆಳಗೆ ಸ್ಟಾಂಪಿನಷ್ಟು ಗಾತ್ರದಲ್ಲಿ ಶುಭ ಕೋರುವವರು, ಅಂದರೆ ಇನ್ನೂ ಕಾದಾಡುತ್ತಿರುವವರು. ಸಾವಿರ ವರ್ಷದಲ್ಲಿ ಶೈಲಿ ಕದಲಿಲ್ಲ, ಕಲ್ಲಿನ ಬದಲು ಪ್ಲಾಸ್ಟಿಕ್ಕು ಬಂದಿದೆ ಅಷ್ಟೆ. ನನ್ನ ಈ ಶೋಧಕ್ಕೆ ಫ್ಲೆಕ್ಸಿನ ಕೆಳಸಾಲಿನ ಮುಖವೊಂದು ಸ್ವತಃ ಬೈಕಿನಲ್ಲಿ ಬಂದು ಹಾಕಿದ ಪ್ರಶ್ನೆ: "ತೆಗೆಸೋಕೆ ಬಂದಿರಾ, ತೆಗೆಯೋಕೆ ಬಂದಿರಾ?" ಪುರಸಭೆಯವನೋ ಛಾಯಾಗ್ರಾಹಕನೋ ಎಂಬ ಭೇದವನ್ನು ಎರಡೇ ಕ್ರಿಯಾಪದಗಳಲ್ಲಿ ಅಡಗಿಸಿದ ಆತನ ವ್ಯಾಕರಣಕ್ಕೆ ಶರಣು.

ಶ್ರೀನಿವಾಸಪುರದ ಬಗ್ಗೆ ಹೆಚ್ಚು ಹೇಳಲಾರೆ. ಮಾಸ್ತಿಯವರ ಕಾವ್ಯನಾಮ 'ಶ್ರೀನಿವಾಸ', ಅದಕ್ಕೂ ಈ ಊರಿಗೂ ಸಂಬಂಧವಿಲ್ಲ. ಸಂಬಂಧವಿಲ್ಲದ್ದನ್ನು ಸೇರಿಸದಿದ್ದರೆ ಪ್ರೌಢಪ್ರಬಂಧವಾಗದೆಂದು ಸೇರಿಸಿದ್ದೇನೆ. ಮಾವಿನ ಕಾಲದಲ್ಲಿ ಹೋಗಿದ್ದೆ. ಫೋಟೋ ತೆಗೆಯುವವನು ಬ್ಯಾಂಕಿನವನೆಂದು ತಿಳಿದು ತೋಟದ ಮಾಲೀಕರು ಮನೆಯಲ್ಲಿಲ್ಲ ಎಂದು ಮಾಲೀಕರೇ ಹೇಳಿದರು. ಆಮೇಲೆ ಅಲ್ಲವೆಂದು ಗೊತ್ತಾಗಿ ನಾಲ್ಕು ರಸಪುರಿ ಕೊಟ್ಟರು. ಕೈಯೆಲ್ಲ ರಸ, ಕ್ಯಾಮೆರಾ ಮುಟ್ಟಲಾಗಲಿಲ್ಲ.

ಕೊನೆಗೆ ಮತ್ತೆ ಕೋಲಾರದ ಮಂಡಿಗೇ ಹೋದೆ. ಈ ಸಲ ಯಾರು ಏನು ಕೇಳಿದರೂ ತಿರುಗುವುದಿಲ್ಲವೆಂದು ಶಪಥ ಮಾಡಿ, ಓಣಿಯ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಕ್ಯಾಮೆರಾ ಕಣ್ಣಿಗೆ ಅವುಚಿಕೊಂಡೆ. ಯಾರೂ ಏನೂ ಕೇಳಲಿಲ್ಲ. ಕಾದೆ, ಮೊಣಕಾಲು ಜೋಮು ಹಿಡಿಯಿತು. ಹರಾಜು ನನ್ನ ಬೆನ್ನ ಹಿಂದಿನ ಓಣಿಯಲ್ಲಿ ನಡೆದು ಮುಗಿದದ್ದು ಆಮೇಲೆ ಗೊತ್ತಾಯಿತು. ಬಾಕ್ಸಿನ ಮೇಲೆ ಕೂತಿದ್ದ ಹಮಾಲಿ ಹುಡುಗ ತನ್ನ ಮೊಬೈಲು ನನ್ನ ಮುಂದೆ ಹಿಡಿದ. ಚಿತ್ರದಲ್ಲಿ ನಾನು, ಕಪ್ಪೆಯ ಹಾಗೆ, ಖಾಲಿ ಓಣಿಗೆ ಗುರಿಯಿಟ್ಟು ಕೂತಿದ್ದೇನೆ. ನನ್ನ ತಲೆಯ ಹಿಂದೆ ಹರಾಜಿನವನ ಕೈ ಪೂರ್ತಿ ಮೇಲೆದ್ದಿದೆ, ಪಕ್ಕದಲ್ಲಿ ರೈತನ ಬಾಯಿ ಅರ್ಧ ತೆರೆದಿದೆ, ಕಣ್ಣು ಆ ಕೈಯ ಮೇಲೆ.

"ನಿಮ್ದು ಚೆನ್ನಾಗ್ ಬಂದೈತೆ ಸಾರ್," ಎಂದ ಹುಡುಗ. "ಹಿಂದ್ಗಡೆ ಒಂದ್ ಕೈ ಅಡ್ಡ ಬಂದೈತೆ. ಅದನ್ನ ಕಟ್ ಮಾಡಿ ಹಾಕ್ಕೊಳ್ಳಿ."