ಶಿಕಾಗೋ ಹೈಕಮಾಂಡು, ಪೀಣ್ಯದ ಟೈರು

ಮಗ ಅಮೆರಿಕಕ್ಕೆ ಹೋದರೆ ಮನೆಯ ಅಧಿಕಾರವೂ ಅವನ ಸೂಟ್‌ಕೇಸಿನಲ್ಲೇ ಹೋಗುತ್ತದೆ ಎಂದು ನಂಬಿದವರು ನಮ್ಮ ಮಾವನವರನ್ನು ಕಂಡಿಲ್ಲ. ಆದರೂ ಪ್ರಯತ್ನವಂತೂ ನಡೆದೇ ಇರುತ್ತದೆ. ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಕೂತುಕೊಂಡು ಇವರು, ಟಿ. ದಾಸರಹಳ್ಳಿ ಮನೆಯ ಸಂಪಿಗೆ ಯಾವ ಮೋಟಾರು, ಅತ್ತೆಯ ಮಂಡಿನೋವಿಗೆ ಯಾವ ಡಾಕ್ಟರು, ಗೀಸರು ಎಷ್ಟು ಲೀಟರಿನದು ಎಂಬುದನ್ನೆಲ್ಲ ಹೈಕಮಾಂಡಿನ ಗತ್ತಿನಲ್ಲಿ ತೀರ್ಮಾನಿಸುತ್ತಾರೆ. ತೀರ್ಮಾನ ಹೊರಬೀಳುವಷ್ಟರಲ್ಲಿ ಅಲ್ಲಿ ಮಾವ ಮೋಟಾರು ಕೂರಿಸಿ, ಟ್ಯಾಂಕು ತುಂಬಿಸಿ, ಸ್ನಾನವನ್ನೂ ಮುಗಿಸಿರುತ್ತಾರೆ.

2025ರ ಆಗಸ್ಟಿನಲ್ಲಿ ಹೈಕಮಾಂಡಿನ ಮುಂದೆ ಬಂದ ಕಡತ ಮಾವನ ಹಳೇ ಸ್ವಿಫ್ಟಿನ ಟೈರು. ದೂರುದಾರರು ಅತ್ತೆ. ‘ನಿಮ್ಮಪ್ಪನ ಕಾರು ಮಳೇಲಿ ಜಾಲಹಳ್ಳಿ ಕ್ರಾಸ್ ಹತ್ರ ಜರ್ರಂತ ಜಾರ್ತು ಕಣೋ’ ಎಂದು ವಿಡಿಯೋ ಕಾಲಿನಲ್ಲಿ ಹೇಳಿದರು. ‘ಜಾರಿದ್ದು ಕಾರಲ್ಲ, ಮುಂದಿದ್ದ ಸ್ಕೂಟ್ರು. ನಾನು ಬ್ರೇಕ್ ಹಾಕಿದ್ದಷ್ಟೆ’ ಎಂದು ಫ್ರೇಮಿನ ಹೊರಗಿಂದ ಮಾವ ತಿದ್ದುಪಡಿ ತಂದರು.

ಇವರಿಗೆ ಅಷ್ಟು ಸಾಕಿತ್ತು. ನಮ್ಮೂರಿನ ಚಳಿಗೆ ಒಂದು ಗುಣವಿದೆ: ಎಂಥ ಕನ್ನಡಿಗನನ್ನೂ ಟೈರು ಪಂಡಿತನನ್ನಾಗಿ ಮಾಡಿಬಿಡುತ್ತದೆ. 2019ರ ಜನವರಿಯಲ್ಲಿ ಶಿಕಾಗೋ ಮೈನಸ್ 31 ಡಿಗ್ರಿಗೆ ಇಳಿದಿತ್ತು. ಅಂದಿನಿಂದ ಕನ್ನಡ ಕೂಟದ ಪಾಟ್‌ಲಕ್ಕುಗಳಲ್ಲಿ ಗಂಡಸರು ಬಿಸಿಬೇಳೆ ಬಾತಿನ ತಟ್ಟೆ ಹಿಡಿದು ಮಾತಾಡುವುದು ರಾಜಕೀಯವನ್ನಲ್ಲ, ರಬ್ಬರನ್ನು. ಏಳು ಡಿಗ್ರಿಗಿಂತ ಕೆಳಗೆ ಹೋದರೆ ಬೇಸಿಗೆ ಟೈರು ಗಡುಸಾಗುತ್ತದೆ, ಚಳಿಗಾಲಕ್ಕೇ ಮಾಡಿದ ಟೈರು ಮೆತ್ತಗೇ ಇರುತ್ತದೆ, ಅದನ್ನು ಬಿಸಿಲಲ್ಲಿ ಓಡಿಸಿದರೆ ಬೇಗ ಸವೆಯುತ್ತದೆ. ವರ್ಷಕ್ಕೆರಡು ಸಲ ಬದಲಿಸುವ ರಗಳೆ ಬೇಡ ಅನ್ನುವವರಿಗೆ ಎರಡರ ನಡುವಿನ ರಾಜಿಯಾಗಿ ಆಲ್ ಸೀಸನ್ ಟೈರು. ಗುಡ್‌ಇಯರ್ ಕಂಪನಿ ಅಂಥ ರೇಡಿಯಲ್ ಟೈರನ್ನು ಮಾರುಕಟ್ಟೆಗೆ ಬಿಟ್ಟದ್ದು 1977ರಲ್ಲಿ. ಇಷ್ಟು ವಿದ್ಯೆ ತಲೆಯಲ್ಲಿರುವ ಮಗ ಅಪ್ಪನನ್ನು ಬರೀ ಟೈರಿನ ಮೇಲೆ ಓಡಾಡಲು ಬಿಡುತ್ತಾನೆಯೇ? ಆ ರಾತ್ರಿಯೇ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಎಕ್ಸೆಲ್ ಹಾಳೆ ಬಂದು ಬಿತ್ತು. ಹಿಮ, ಕೆಸರು, ಒದ್ದೆ ರಸ್ತೆ, ಒಣ ರಸ್ತೆ, ಸದ್ದು, ಸವೆತ, ಎಲ್ಲಕ್ಕೂ ಅಂಕ.

ಮಾವ ಹಾಳೆಯನ್ನು ಶ್ರದ್ಧೆಯಿಂದ ಓದಿ ಒಂದೇ ಪ್ರಶ್ನೆ ಕೇಳಿದರು. ‘ಹಿಮದ ಕಾಲಂ ಯಾಕಪ್ಪ?’

ಇವರು ತಡವರಿಸಿದರು. ಬೆಂಗಳೂರಿನ ದಾಖಲೆಯಲ್ಲಿರುವ ಅತಿ ಚಳಿಯ ದಿನ 1884ರ ಜನವರಿ 13. ಆವತ್ತೂ ಪಾದರಸ ನಿಂತದ್ದು 7.8 ಡಿಗ್ರಿಗೆ. ಅಂದರೆ ನೂರನಲವತ್ತು ವರ್ಷಗಳಲ್ಲಿ ಚಳಿಗಾಲದ ಟೈರು ಬೇಕಾಗುವಂಥ ಒಂದು ದಿನವೂ ಆ ಊರಿಗೆ ಬಂದಿಲ್ಲ. ಬರಬೇಕಾದ ಒಂದೇ ಒಂದು ದಿನ 0.8 ಡಿಗ್ರಿಯಲ್ಲಿ ತಪ್ಪಿಹೋಯಿತು, ಆಗಿನ್ನೂ ಕಾರ್ಲ್ ಬೆಂಜ್ ತನ್ನ ಮೋಟಾರು ಬಂಡಿಗೆ ಪೇಟೆಂಟೇ ಕೇಳಿರಲಿಲ್ಲ.

ಆಮೇಲೆ ಸವೆತದ ಪರೀಕ್ಷೆ. ಅಮೆರಿಕದಲ್ಲಿ ಇದಕ್ಕೆ ಒಂದು ಸೆಂಟಿನ ನಾಣ್ಯ ಸಾಕು. ಲಿಂಕನ್ನರನ್ನು ತಲೆಕೆಳಗು ಮಾಡಿ ಗ್ರಿಪ್ಪಿನ ಸಂದಿಗೆ ಇಳಿಸುವುದು, ನೆತ್ತಿ ಪೂರ್ತಿ ಕಂಡರೆ ಟೈರಿನ ಆಯಸ್ಸು ತೀರಿತು. ‘ಅಪ್ಪ, ಒಂದು ರೂಪಾಯಿ ಕಾಯಿನ್ ತಗೊಂಡು...’ ಎಂದು ಇವರು ಶುರು ಮಾಡಿದ್ದೇ ತಡ, ಮಾವನ ಮುಖ ಕೆಂಪಾಯಿತು. ಪೀಣ್ಯ ಎರಡನೇ ಹಂತದ ಮೆಷಿನ್ ಶಾಪಿನಲ್ಲಿ ಇಡೀ ಆಯುಷ್ಯ ಇನ್‌ಸ್ಪೆಕ್ಷನ್ ಟೇಬಲ್ಲಿಗೆ ಕೂತ ಮನುಷ್ಯನಿಗೆ ನಾಣ್ಯದಲ್ಲಿ ಅಳೆ ಅನ್ನುವುದೆಂದರೆ, ಸಂಗೀತ ವಿದ್ವಾಂಸರಿಗೆ ಮೊಬೈಲಿನ ರಿಂಗ್‌ಟೋನಿಗೆ ಶ್ರುತಿ ಸೇರಿಸಿ ಅಂದಂತೆ. ಅವರ ವರ್ನಿಯರ್ ಇವತ್ತಿಗೂ ದೇವರ ಮನೆಯ ಪಕ್ಕದ ಬೀರುವಿನಲ್ಲಿ, ಎಣ್ಣೆ ಸವರಿದ ಬಟ್ಟೆಯಲ್ಲಿ ಮಲಗಿದೆ. ಮಕ್ಕಳು ಮುಟ್ಟುವ ಹಾಗಿಲ್ಲ. ಅತ್ತೆ ಮುಟ್ಟುವುದು ಆಯುಧ ಪೂಜೆಯ ದಿನ, ಅರಿಶಿನ ಕುಂಕುಮ ಹಚ್ಚಲಿಕ್ಕೆ ಮಾತ್ರ.

ಮರುದಿನ ಬೆಳಿಗ್ಗೆ ಗುಂಪಿಗೆ ಒಂದು ಫೋಟೋ ಬಂತು. ಸ್ಕೇಲಿನಲ್ಲಿ ಗೆರೆ ಹಾಕಿದ ಹಾಳೆ, ಮೇಲೆ ‘ಇನ್‌ಸ್ಪೆಕ್ಷನ್ ರಿಪೋರ್ಟ್’. ಮುಂದಿನ ಎಡ 1.82, ಮುಂದಿನ ಬಲ 1.78, ಹಿಂದಿನ ಎಡ 2.40, ಹಿಂದಿನ ಬಲ 2.36. ಕನಿಷ್ಠ ಮಿತಿ 1.60 ಮಿ.ಮೀ. ಫಲಿತಾಂಶ: ಪಾಸ್. ಕೆಳಗೆ ತಾರೀಖು, ಸಹಿ.

‘ಅಪ್ಪ, 1.6 ಅನ್ನೋದು ಕಾನೂನಿನ ಕಟ್ಟಕಡೆ. ಮಳೇಲಿ ಅದಕ್ಕಿಂತ ಮೊದಲೇ ಜಾರತ್ತೆ, ನೀರು ಆಚೆ ಹೋಗೋಕೆ ಸಂದಿ ಬೇಕಲ್ಲ, ಸಂದಿನೇ ಸವೆದುಹೋಗಿದೆ!’

‘ಡ್ರಾಯಿಂಗಲ್ಲಿ 1.6 ಅಂತ ಇದ್ಮೇಲೆ 1.78ನ ರಿಜೆಕ್ಟ್ ಮಾಡೋನು ಇನ್‌ಸ್ಪೆಕ್ಟರ್ ಅಲ್ಲ ಕಣೋ. ಇನ್ನೂ 0.18 ಇದೆ. ಸಂಕ್ರಾಂತಿವರೆಗೂ ಓಡತ್ತೆ.’

ಇಷ್ಟರಲ್ಲಿ ಉಳಿದ ಪಾಳೆಯಗಾರರೂ ರಂಗಕ್ಕಿಳಿದರು. ಎಲೆಕ್ಟ್ರಾನಿಕ್ ಸಿಟಿಯ ನನ್ನ ಮೈದುನ, ಕಾರನ್ನೇ ಮಾರಿಬಿಡಿ ಎಂದ. ಅದೇ ಆಗಸ್ಟ್ 10ಕ್ಕೆ ಬೊಮ್ಮಸಂದ್ರದ ಹಳದಿ ಮೆಟ್ರೋ ಉದ್ಘಾಟನೆಯಾಗಿತ್ತು, ಆರ್.ವಿ. ರೋಡಿನಲ್ಲಿ ಒಮ್ಮೆ ಹಸಿರಿಗೆ ಬದಲಾಯಿಸಿದರೆ ನೇರ ದಾಸರಹಳ್ಳಿಯಲ್ಲಿ ಇಳಿಯಬಹುದು ಎಂಬ ಹೊಸ ಜ್ಞಾನ ಅವನ ನೆತ್ತಿಗೇರಿತ್ತು. ‘ತುಮಕೂರಿಂದ ಹಲಸಿನಹಣ್ಣನ್ನ ಮೆಟ್ರೋದಲ್ಲಿ ತರ್ಲೇನೋ?’ ಎಂದು ಅತ್ತೆ ಕೇಳಿದ ಮೇಲೆ ಅವನು ಥಂಬ್ಸಪ್ ಒತ್ತಿ ಹಿಂದೆ ಸರಿದ. ಬ್ರ್ಯಾಂಡಿನ ವಿಷಯದಲ್ಲಿ ಅತ್ತೆಗೆ ಗೊಂದಲವೇ ಇರಲಿಲ್ಲ: ‘ಸಚಿನ್ ಬ್ಯಾಟ್ ಮೇಲೆ ಇತ್ತಲ್ಲ, ಅದೇ ಹಾಕ್ಸಿ.’ ಮಾವನ ನಿಷ್ಠೆ ಮೈಸೂರಿನ ವಿಕ್ರಾಂತ್ ಮೇಲೆ. ಅದನ್ನು ಜೆಕೆಯವರು 1997ರಲ್ಲೇ ಕೊಂಡರು ಅಂದರೆ, ‘ಕೊಂಡ್ರೇನು, ನೀರು ಕಾವೇರೀದೇ ತಾನೆ’ ಎಂಬ ಉತ್ತರ.

ಟೈರಿನ ಗೋಡೆಯ ಮೇಲಿದ್ದ ‘165/80 ಆರ್14 85ಟಿ’ಯನ್ನು ಇವರು ಬಿಡಿಸಿ ಹೇಳಿದರು. 85 ಅಂದರೆ ಒಂದು ಟೈರು 515 ಕಿಲೋ ಹೊರುತ್ತದೆ, ಟಿ ಅಂದರೆ ಗಂಟೆಗೆ 190 ಕಿಲೋಮೀಟರ್ ವೇಗ ತಡೆಯುತ್ತದೆ. ಅತ್ತೆ ನಕ್ಕರು. ‘190ರಲ್ಲಿ ಎಲ್ಲಿಗೆ ಹೋಗೋದು? ಗೊರಗುಂಟೆಪಾಳ್ಯ ಸಿಗ್ನಲ್ ದಾಟೋದ್ರೊಳಗೆ ನಂದು ಲಲಿತಾ ಸಹಸ್ರನಾಮ ಮುಗಿದು ಫಲಶ್ರುತಿಗೆ ಬಂದಿರ್ತೀನಿ.’

ವೈಟ್‌ಫೀಲ್ಡಿನ ಭಾವ, ಅಂದರೆ ನಾದಿನಿಯ ಗಂಡ, ಇವರ ಎಕ್ಸೆಲ್ ಹಾಳೆಗೆ ಹೊಸ ಕಾಲಂಗಳನ್ನು ಸೇರಿಸಿ ವಾಪಸ್ ಕಳಿಸಿದರು. ನನಗೆ ಈ ಮನೆಯಲ್ಲಿ ಅತ್ಯಂತ ಇಷ್ಟವಾದ ದಾಖಲೆ ಅದು. ‘ಹಿಮ ಇರ್ಲಿ, ತೆಗೀಬೇಡಿ’ ಎಂದು ಶುರು. ‘2015ರಲ್ಲಿ ವರ್ತೂರು ಕೆರೆ ನೊರೆ ಉಕ್ಕಿ ರಸ್ತೆಗೆ ಬಂದು ಸ್ಕೂಟರಿನವರ ಮುಖಕ್ಕೆ ಹಾರ್ತಿತ್ತು. ಶಿಕಾಗೋದಲ್ಲಿ ಬೀಳೋದಕ್ಕಿಂತ ಬಿಳೀದು. ವಾಸನೆ ಮಾತ್ರ ಎಕ್ಸ್‌ಟ್ರಾ.’ ಮುಂದಿನ ಕಾಲಂ ‘ಬೆಂಕಿ’: ಬೆಳ್ಳಂದೂರು ಕೆರೆ ಹೊತ್ತಿ ಉರಿದದ್ದರ ಸ್ಮರಣಾರ್ಥ. ಅದರ ಮುಂದಿನದು ‘ಜಲಪ್ರಳಯ’: 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಬೆಳ್ಳಂದೂರು ಕಡೆ ಸಾಫ್ಟ್‌ವೇರಿನವರು ಲ್ಯಾಪ್‌ಟಾಪು ತಬ್ಬಿಕೊಂಡು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದರಲ್ಲ, ಆವತ್ತು ಆ ಭಾಗದಲ್ಲಿ ಓಡಿದ ಆಲ್ ಸೀಸನ್ ಟೈರು ಅದೊಂದೇ ಎಂದು ಭಾವನ ಷರಾ. ‘ಗುಂಡಿ’ ಕಾಲಮ್ಮಿನಲ್ಲಿ ಎರಡು ಉಪವಿಭಾಗ, ಮೊಸಳೆ ಮತ್ತು ಚಂದ್ರ. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಮೊಸಳೆಯ ಪ್ರತಿಮೆ ಇಟ್ಟಿದ್ದರು. 2019ರಲ್ಲಿ ಹೇರೋಹಳ್ಳಿ ಕಡೆ ಗುಂಡಿ ಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯನ್ನು ನಡೆಸಿ ವಿಡಿಯೋ ಮಾಡಿದಾಗ, ಪಕ್ಕದಲ್ಲಿ ಆಟೋ ಹೋಗುವವರೆಗೂ ಜನ ಅದನ್ನು ಚಂದ್ರನೆಂದೇ ನಂಬಿದ್ದರು.

‘ಮೊಳೆ’ ಎಂಬ ಕಾಲಮ್ಮೂ ಇತ್ತು. ಔಟರ್ ರಿಂಗ್ ರೋಡಿನಲ್ಲಿ ಎಂಜಿನಿಯರೊಬ್ಬರು ಆಫೀಸಿಗೆ ಹೋಗುವ ದಾರಿಯುದ್ದಕ್ಕೂ ಅಯಸ್ಕಾಂತ ಹಿಡಿದು ಕಿಲೋಗಟ್ಟಲೆ ಮೊಳೆ ಆಯ್ದದ್ದು ಪತ್ರಿಕೆಗಳಲ್ಲೇ ಬಂದಿತ್ತು. ಕಟ್ಟಕಡೆಯದು ‘ಬೂದುಗುಂಬಳ’. ಆಯುಧ ಪೂಜೆಯ ಸಂಜೆ ಪೀಣ್ಯದಲ್ಲಿ ಶೆಡ್ಡಿಗೊಂದರಂತೆ ಕುಂಕುಮ ತುಂಬಿದ ಕುಂಬಳಕಾಯಿ ಒಡೆಯುತ್ತಾರೆ, ತಿರುಳೆಲ್ಲ ರಸ್ತೆಯಲ್ಲಿ. ಒದ್ದೆ ರಸ್ತೆ, ಒಣ ರಸ್ತೆ, ಮಂಜುಗಡ್ಡೆ ಎಲ್ಲದರ ಮೇಲೂ ಟೈರು ಓಡಿಸಿ ನೋಡುವ ಕಂಪನಿಗಳು ಕುಂಬಳದ ತಿರುಳಿನ ಮೇಲೆ ಯಾಕೆ ಓಡಿಸುವುದಿಲ್ಲವೋ!

ಇವರು ಕೊನೆಯ ಅಸ್ತ್ರ ತೆಗೆದರು. ‘ಟೈರ್ ಮೇಲೆ ಕೊನೇ ನಾಲ್ಕು ಅಂಕಿ ಓದಿ ಅಪ್ಪ.’ ಮಾವ ಓದಿದರು: 3415. ಅಂದರೆ 2015ನೇ ಇಸವಿಯ ಮೂವತ್ನಾಲ್ಕನೇ ವಾರ. ಹತ್ತು ವರ್ಷದ ರಬ್ಬರು, ಪಕ್ಕದಲ್ಲಿ ಕೂದಲೆಳೆ ಬಿರುಕು ಬೇರೆ. ಮೌನ. ವರದಿಗೆ ಒಂದು ಸಾಲು ಸೇರಿತು: ‘ಡೀವಿಯೇಷನ್ ಮೇಲೆ ಪಾಸ್.’ ಹೀಗೆಂದರೆ ಫೇಲ್ ಎಂದು ಪೀಣ್ಯದಲ್ಲಿ ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ.

ಒಪ್ಪಿದರೂ ಅಂಗಡಿಗೆ ಹೋಗಲಿಲ್ಲ. ಸೆಪ್ಟೆಂಬರ್ 3ಕ್ಕೆ ಜಿಎಸ್‌ಟಿ ಮಂಡಳಿ ದರ ಇಳಿಸಿತು. ಟೈರು 28ರಿಂದ 18ಕ್ಕೆ, ಜಾರಿ ಸೆಪ್ಟೆಂಬರ್ 22ರಿಂದ. ಆಗಸ್ಟಿನಲ್ಲಿ ಅಂಗಡಿಯವನು ಹೇಳಿದ್ದು ಟೈರಿಗೆ 5,120. ಈಗ 4,720. ನಾಲ್ಕಕ್ಕೆ ಉಳಿತಾಯ 1,600. ‘ನೋಡಪ್ಪ, 1.6 ಮಿಲಿಮೀಟರಿಗೆ ಮರ್ಯಾದೆ ಕೊಟ್ಟಿದ್ದಕ್ಕೆ 1,600 ರೂಪಾಯಿ’ ಎಂದು ಮಾವ ಧ್ವನಿ ಸಂದೇಶ ಕಳಿಸಿದರು. ಗುಂಪಿನಲ್ಲಿ ಹೈಕಮಾಂಡು ಒಂದು ದಿನ ಮೌನವ್ರತ ಆಚರಿಸಿತು.

ಅಂಗಡಿಯಲ್ಲಿ ಮಾವ ಬ್ರ್ಯಾಂಡು ನೋಡಲಿಲ್ಲ, ವಾರ ನೋಡಿದರು. ಒಳಗಿಂದ ತಂದದ್ದನ್ನೆಲ್ಲ ಬ್ಯಾಟರಿ ಬಿಟ್ಟು ಓದಿ, 3125 ಇದ್ದ ನಾಲ್ಕನ್ನು ಆರಿಸಿಕೊಂಡರು. ಸಚಿನ್ನೂ ಅಲ್ಲ, ವಿಕ್ರಾಂತೂ ಅಲ್ಲ. ಹುಡುಗ ನೈಟ್ರೋಜನ್ ಹಾಕಲೇ ಎಂದು ಕೇಳಿದ. ‘ಗಾಳೀಲಿ ಶೇಕಡ 78 ನೈಟ್ರೋಜನ್ನೇ ಇದೆಯಲ್ಲಪ್ಪ, ಮಿಕ್ಕಿದ್ದು 22ಕ್ಕೆ ಎಷ್ಟಾಗತ್ತೆ ಹೇಳು’ ಎಂದರಂತೆ. ಹುಡುಗ ಮಾಮೂಲಿ ಗಾಳಿಯನ್ನೇ ತುಂಬಿದ.

ಅಕ್ಟೋಬರ್ 1ರ ಆಯುಧ ಪೂಜೆಗೆ ನಮ್ಮನ್ನೂ ಫೋನಿನಲ್ಲಿ ಕಾರಿನ ಬಾನೆಟ್ಟಿನ ಮೇಲೆ ನಿಲ್ಲಿಸಿದ್ದರು. ನಾಲ್ಕು ಟೈರಿಗೆ ನಾಲ್ಕು ನಿಂಬೆಹಣ್ಣು. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ನಿಧಾನ ಓಡಿಸಿ ಎಂದು ಇವರು ಅಲ್ಲಿಂದಲೇ ಆಜ್ಞಾಪಿಸಿದರು. ಮಾವ ತಲೆಯಾಡಿಸಿ, ‘ನಿಂದು ಎಷ್ಟಿದೆ?’ ಎಂದರು.

‘ಏನು?’

‘ಟೈರು. ಚಳಿ ಶುರುವಾಯ್ತಲ್ಲ ಅಲ್ಲಿ. ರೀಡಿಂಗ್ ಎಷ್ಟು?’

ಲಿಂಕನ್ನರ ನೆತ್ತಿ ಅರ್ಧ ಕಾಣುತ್ತದೆ ಅನ್ನಲು ಇವರಿಗೆ ಬಾಯಿ ಬರಲಿಲ್ಲ. ನವೆಂಬರಿನಲ್ಲಿ ಭಾವನ ಆಫೀಸಿನವರೊಬ್ಬರು ಶಿಕಾಗೋಗೆ ಬಂದರು. ಅವರ ಕೈಲಿ ಒಂದು ಹೊಸ ವರ್ನಿಯರ್, ಗೆರೆ ಹಾಕಿ ಸಿದ್ಧಮಾಡಿದ ಖಾಲಿ ಇನ್‌ಸ್ಪೆಕ್ಷನ್ ರಿಪೋರ್ಟುಗಳು, ಮತ್ತೊಂದು ಡಬ್ಬಿ. ಡಬ್ಬಿಯ ಮೇಲೆ ಅತ್ತೆಯ ಅಕ್ಷರ: ‘ನಿಂಬೆಹಣ್ಣು ಏರ್‌ಪೋರ್ಟಲ್ಲಿ ಬಿಡಲ್ವಂತೆ. ಉಪ್ಪಿನಕಾಯಿ ಹಾಕಿ ಕಳಿಸಿದೀನಿ. ಊಟಕ್ಕೆ. ಟೈರ್ ಕೆಳಗೆ ಇಡಬೇಡಿ.’